ಒಂದು ಸಾಲು ಜಾರಿದರೆ: ಅನುವಾದ ಯಂತ್ರದ ಹಿಂದಿನ ಜೋಡಿ ವಾಕ್ಯಗಳ ಕಥೆ

ಕೇಳೋಕೆ ಬಿಡುವಿಲ್ಲ, ಓದ್ಕೋತೀವಿ ಅನ್ನೋರಿಗೆ ಎಂದಿನಂತೆ ಇದು ಸಂಚಿಕೆಯ ಬರಹ ರೂಪ.

ಫೋನಿನಲ್ಲಿ ಇಂಗ್ಲಿಷ್ ವಾಕ್ಯ ಹಾಕಿದ್ರೆ ಕಣ್ಣು ಮಿಟುಕಿಸೋದ್ರೊಳಗೆ ಕನ್ನಡ ಬರುತ್ತೆ. ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ ಸೇರಿದ್ದು 2011ರಲ್ಲಿ. ಆಗಿನ ಅನುವಾದ ಓದಿ ನಗ್ತಿದ್ವಿ. ಈಗ ನಗು ಕಡಿಮೆಯಾಗಿದೆ, ನಂಬಿಕೆ ಜಾಸ್ತಿಯಾಗಿದೆ. ಬ್ಯಾಂಕಿನ ಸೂಚನೆ, ಆಸ್ಪತ್ರೆಯ ಚೀಟಿ, ಸರ್ಕಾರಿ ಅರ್ಜಿ ಎಲ್ಲಕ್ಕೂ ಇದನ್ನೇ ಬಳಸ್ತೀವಿ. ನಂಬಿಕೆ ಜಾಸ್ತಿಯಾದಷ್ಟೂ ತಪ್ಪಿನ ಬೆಲೆಯೂ ಜಾಸ್ತಿ. ಹಾಗಾಗಿ ಇವತ್ತು ಆ ಯಂತ್ರದ ಬಗ್ಗೆ ಅಲ್ಲ, ಅದು ಓದಿ ಕಲಿಯುವ ಪಠ್ಯದ ಬಗ್ಗೆ ಮಾತಾಡ್ತೀನಿ. ಆ ಪಠ್ಯವನ್ನು ಕೋಡ್‌ನಲ್ಲಿ ಹೇಗೆ ಇಟ್ಟುಕೊಳ್ಳಬೇಕು ಅನ್ನೋದು ವಿಷಯ.

ಊಟಕ್ಕೆ ಮುಂಚೆಯೋ, ಆಮೇಲೆಯೋ?

ಕೆಲವು ವರ್ಷಗಳ ಹಿಂದೆ ನಾನು ಒಂದು ಅನುವಾದ ಸೇವೆಯ ತಂಡದಲ್ಲಿದ್ದೆ. ಮಾಡೆಲ್ ತಯಾರಿಸೋದು ಬೇರೆಯವರ ಕೆಲಸ, ಅದಕ್ಕೆ ಬೇಕಾದ ಡೇಟಾ ನೋಡಿಕೊಳ್ಳೋದು ನನ್ನ ಕೆಲಸ. ರೋಗಿಗಳಿಗೆ ಕೊಡುವ ಮಾಹಿತಿ ಪತ್ರಗಳನ್ನು ಕನ್ನಡಕ್ಕೆ ತರುವ ಕೆಲಸ ಬಂದಿತ್ತು. ಅಚ್ಚಿಗೆ ಹೋಗೋ ಮೊದಲು ಒಬ್ಬ ಪರಿಶೀಲಕರು ಓದಿ ನೋಡ್ತಿದ್ರು. ಒಂದು ಮಧ್ಯಾಹ್ನ ಅವರು ಫೋನ್ ಮಾಡಿ, "ಸರ್, ಇಂಗ್ಲಿಷ್‌ನಲ್ಲಿ ಊಟಕ್ಕೆ ಮುಂಚೆ ಅಂತಿದೆ, ನಿಮ್ಮ ಕನ್ನಡದಲ್ಲಿ ಊಟ ಆದ್ಮೇಲೆ ಅಂತಿದೆ. ಒಂದ್ಸಲ ನೋಡ್ತೀರಾ?" ಅಂದ್ರು.

ಮಾಡೆಲ್ ಎಡವಿದೆ ಅಂತ ನಾನು ಅಂದುಕೊಂಡೆ. ಆದರೆ ಆ ವಾಕ್ಯ ಮಾಡೆಲ್ ತನಕ ಹೋಗೇ ಇರಲಿಲ್ಲ. ಇಂಥ ಸೇವೆಗಳಲ್ಲಿ ಸಾಮಾನ್ಯವಾಗಿ ಎರಡು ಹಂತ ಇರುತ್ತೆ. ಮನುಷ್ಯರು ಹಿಂದೆ ಮಾಡಿದ ಅನುವಾದಗಳ ಸಂಗ್ರಹ ಒಂದಿರುತ್ತೆ. ಅದಕ್ಕೆ ಟ್ರಾನ್ಸ್‌ಲೇಷನ್ ಮೆಮೊರಿ ಅಂತಾರೆ. ಬಂದ ವಾಕ್ಯ ಅದರಲ್ಲಿ ಹಾಗೇ ಸಿಕ್ಕಿದ್ರೆ ಹಳೇ ಅನುವಾದವನ್ನೇ ಕೊಡುತ್ತೆ, ಸಿಗದಿದ್ರೆ ಮಾತ್ರ ಮಾಡೆಲ್‌ಗೆ ಕೇಳುತ್ತೆ. ಈ ವಾಕ್ಯ ಮೊದಲ ಹಂತದಲ್ಲೇ ಸಿಕ್ಕಿತ್ತು. ಅನುವಾದಕರು ಸರಿಯಾಗೇ ಬರೆದಿದ್ರು. ತಪ್ಪಿದ್ದು ಜೋಡಿ: ಒಂದು ಇಂಗ್ಲಿಷ್ ವಾಕ್ಯಕ್ಕೆ ಅದರ ಪಕ್ಕದ ವಾಕ್ಯದ ಕನ್ನಡ ಅಂಟಿಕೊಂಡಿತ್ತು.

ಜೋಡಿ ವಾಕ್ಯ ಅಂದ್ರೇನು?

ಒಂದೇ ಮಾತು ಎರಡು ಭಾಷೆಗಳಲ್ಲಿ ಅಕ್ಕಪಕ್ಕ ಇದ್ರೆ ಅದು ಸಮಾನಾಂತರ ಡೇಟಾ. ಕೆನಡಾದ ಸಂಸತ್ತಿನ ಚರ್ಚೆಗಳು ಇಂಗ್ಲಿಷ್, ಫ್ರೆಂಚ್ ಎರಡರಲ್ಲೂ ದಾಖಲಾಗುತ್ತವೆ. 1980ರ ದಶಕದ ಕೊನೆಯಲ್ಲಿ ಐಬಿಎಂ ಸಂಶೋಧಕರು ಈ ದಾಖಲೆಗಳನ್ನು ಬಳಸಿಕೊಂಡು ಅನುವಾದವನ್ನು ಅಂಕಿಅಂಶದ ಲೆಕ್ಕವಾಗಿ ಕಲಿಸಬಹುದು ಅಂತ ತೋರಿಸಿದರು. ವ್ಯಾಕರಣದ ನಿಯಮ ಬರೆದು ಕೊಡೋ ಬದಲು ಲಕ್ಷಾಂತರ ಜೋಡಿ ತೋರಿಸೋದು ಅಲ್ಲಿಂದ ಬೆಳೆದ ದಾರಿ.

ನಮ್ಮ ಭಾಷೆಗಳಿಗೆ ಅಂಥ ರಾಶಿ ಸಿಕ್ಕಿದ್ದು ತಡವಾಗಿ. ಮದ್ರಾಸ್ ಐಐಟಿಯ ಎಐ4ಭಾರತ್ ತಂಡ 2021ರಲ್ಲಿ ಸಮಾನಂತರ್ ಎಂಬ ಸಂಗ್ರಹವನ್ನು ಹೊರತಂದಿತು. ಇಂಗ್ಲಿಷ್ ಮತ್ತು 11 ಭಾರತೀಯ ಭಾಷೆಗಳ ನಡುವಿನ ಸುಮಾರು 4.97 ಕೋಟಿ ಜೋಡಿಗಳು ಅದರಲ್ಲಿವೆ. ಕನ್ನಡದ ಪಾಲು ಸುಮಾರು 40 ಲಕ್ಷ. 2023ರಲ್ಲಿ ಅದೇ ತಂಡ ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಸೇರಿ ಸುಮಾರು 23 ಕೋಟಿ ಜೋಡಿಗಳ ಸಂಗ್ರಹ ಪ್ರಕಟಿಸಿತು.

ಇಷ್ಟನ್ನು ಯಾರೂ ಕೂತು ಅನುವಾದ ಮಾಡಿಲ್ಲ. ಬಹುಪಾಲು ವೆಬ್‌ನಿಂದ ಹೆಕ್ಕಿದ್ದು. ಹೆಕ್ಕಿದ್ದರಲ್ಲಿ ಕಲ್ಲು ಇದ್ದೇ ಇರುತ್ತೆ. ವೆಬ್‌ನಿಂದ ತೆಗೆದ ಐದು ಬಹುಭಾಷಾ ಸಂಗ್ರಹಗಳ 205 ಭಾಷಾವಾರು ಭಾಗಗಳನ್ನು ಸಂಶೋಧಕರ ದೊಡ್ಡ ಗುಂಪೊಂದು ಕೈಯಾರೆ ಪರಿಶೀಲಿಸಿ 2022ರಲ್ಲಿ ವರದಿ ಪ್ರಕಟಿಸಿತು. ಕನಿಷ್ಠ 15 ಭಾಗಗಳಲ್ಲಿ ಬಳಸಬಹುದಾದ ಪಠ್ಯ ಒಂದಿಷ್ಟೂ ಇರಲಿಲ್ಲ.

ಗುಂಡಿ ತಪ್ಪಿದ ಅಂಗಿ

ನಮ್ಮ ತಪ್ಪಿಗೆ ವಾಪಸ್ ಬರ್ತೀನಿ. ಈ ಕ್ಷೇತ್ರದಲ್ಲಿ ಒಂದು ಹಳೇ ಪದ್ಧತಿ ಇದೆ. ಇಂಗ್ಲಿಷ್ ವಾಕ್ಯಗಳು ಒಂದು ಫೈಲಿನಲ್ಲಿ, ಕನ್ನಡ ವಾಕ್ಯಗಳು ಇನ್ನೊಂದರಲ್ಲಿ. ಅಲ್ಲಿನ 500ನೇ ಸಾಲಿಗೆ ಇಲ್ಲಿನ 500ನೇ ಸಾಲೇ ಜೋಡಿ. ಇಬ್ಬರನ್ನೂ ಕಟ್ಟಿಹಾಕಿರೋದು ಸಾಲಿನ ಸಂಖ್ಯೆ ಒಂದೇ.

ನಮ್ಮ ಕನ್ನಡ ಫೈಲಿನ ಪಠ್ಯ ಪುಟವಿನ್ಯಾಸದ ಸಾಫ್ಟ್‌ವೇರ್‌ನಿಂದ ನಕಲಾಗಿ ಬಂದಿತ್ತು. ಅದರ ಜೊತೆಗೆ ಕಣ್ಣಿಗೆ ಕಾಣದ ಒಂದು ಅಕ್ಷರವೂ ಬಂದಿತ್ತು, ಯೂನಿಕೋಡ್‌ನ ಸಾಲು ಒಡೆಯುವ ಗುರುತು. ಪೈಥಾನ್‌ನಲ್ಲಿ ಫೈಲನ್ನು ಸಾಲುಸಾಲಾಗಿ ಓದಿದ್ರೆ ಅದು ಸಾಲು ಒಡೆಯೋದಿಲ್ಲ. ಆದರೆ ಇಡೀ ಪಠ್ಯವನ್ನು ಓದಿಕೊಂಡು 'ಸ್ಪ್ಲಿಟ್‌ಲೈನ್ಸ್' ಬಳಸಿದ್ರೆ ಒಡೆಯುತ್ತೆ. ನಾನು ಬಳಸಿದ್ದು ಎರಡನೆಯದನ್ನು. ಒಂದು ಕನ್ನಡ ವಾಕ್ಯ ಎರಡಾಯ್ತು. ಅಲ್ಲಿಂದ ಮುಂದೆ ಅಂಗಿಗೆ ಒಂದು ಗುಂಡಿ ತಪ್ಪಿ ಹಾಕಿದ ಹಾಗೆ, ಕೊನೇ ಗುಂಡಿಯವರೆಗೂ ಎಲ್ಲ ತಪ್ಪು.

ಕನ್ನಡದಲ್ಲಿ ಒಂದು ಸಾಲು ಹೆಚ್ಚಿದ್ರೆ ಕೋಡ್ ಕೂಗಬೇಕಿತ್ತಲ್ವಾ? ಕೂಗಲಿಲ್ಲ. ಎರಡು ಪಟ್ಟಿ ಜೋಡಿಸೋಕೆ ಪೈಥಾನ್‌ನಲ್ಲಿ 'ಜಿಪ್' ಅಂತ ಇದೆ. ಒಂದು ಪಟ್ಟಿ ಮುಗಿದ ಕೂಡಲೇ ಅದು ನಿಲ್ಲುತ್ತೆ, ಇನ್ನೊಂದರಲ್ಲಿ ಉಳಿದಿದ್ದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತೆ. 3.10ನೇ ಆವೃತ್ತಿಯಿಂದ ಅದಕ್ಕೆ 'ಸ್ಟ್ರಿಕ್ಟ್' ಎಂಬ ಆಯ್ಕೆ ಬಂದಿದೆ. ಅದನ್ನು ಹಾಕಿದ್ರೆ ಉದ್ದ ಹೊಂದದಿದ್ದಾಗ ಕೆಲಸ ನಿಂತುಹೋಗುತ್ತೆ.

ಔಷಧದ ಸೂಚನೆಗಳು ಚಿಕ್ಕ ಚಿಕ್ಕ ವಾಕ್ಯಗಳು, ಒಂದರ ಕೆಳಗೆ ಒಂದು, ನೋಡೋಕೆ ಒಂದೇ ಥರ. ಹಾಗಾಗಿ ಒಂದು ಸಾಲು ಜಾರಿದ್ರೂ ಎಲ್ಲ ಸರಿಯಾಗಿರುವಂತೆಯೇ ಕಾಣ್ತಿತ್ತು. ಸಂಬಂಧವೇ ಇಲ್ಲದ ವಾಕ್ಯ ಬಂದಿದ್ರೆ ಮೊದಲ ದಿನವೇ ಸಿಕ್ಕಿಬೀಳ್ತಿದ್ವಿ.

ಜೋಡಿಯನ್ನು ಜೋಡಿಯಾಗಿಯೇ ಇಡಿ

ಇದರಿಂದ ನಾನು ಕಲಿತ ಮೊದಲ ಪಾಠ ಇದು. ಎರಡು ವಾಕ್ಯ ಒಮ್ಮೆ ಜೋಡಿಯಾದ ಮೇಲೆ ಅವು ಒಂದೇ ವಸ್ತು. ಅವನ್ನು ಬೇರೆ ಬೇರೆ ಫೈಲಿನಲ್ಲಿ ಇಡಬೇಡಿ. ಡೇಟಾಬೇಸಿನಲ್ಲಿ ಒಂದು ಸಾಲು ಅಂದ್ರೆ ಒಂದು ಜೋಡಿ. ಸಣ್ಣ ಕೆಲಸಕ್ಕೆ ಎಸ್‌ಕ್ಯೂಲೈಟ್ ಸಾಕು. ಅದರಲ್ಲಿ ಇಂಗ್ಲಿಷ್ ಮತ್ತು ಕನ್ನಡದ ಜೊತೆ ಇಷ್ಟಾದರೂ ಇರಲಿ: ಜೋಡಿಗೆ ಒಂದು ಗುರುತಿನ ಸಂಖ್ಯೆ, ಎಲ್ಲಿಂದ ಬಂತು, ಬಳಸೋಕೆ ಯಾವ ಅನುಮತಿ ಇದೆ, ಯಾವ ವಿಷಯದ್ದು, ಯಾರು ಯಾವಾಗ ನೋಡಿ ಒಪ್ಪಿದ್ದಾರೆ.

ತರಬೇತಿ ಸೇವೆಗಳು ಸಾಮಾನ್ಯವಾಗಿ ಟಿಎಸ್‌ವಿ ಅಥವಾ ಟಿಎಂಎಕ್ಸ್ ಫೈಲ್ ಕೇಳುತ್ತವೆ. ಮೊದಲನೆಯದರಲ್ಲಿ ಎರಡು ಭಾಷೆಯ ನಡುವೆ ಟ್ಯಾಬ್ ಇರುತ್ತೆ, ಎರಡನೆಯದು ಅನುವಾದಕರ ಸಾಫ್ಟ್‌ವೇರ್‌ಗಳು ಪರಸ್ಪರ ಹಂಚಿಕೊಳ್ಳುವ ಮಾದರಿ. ಇವನ್ನು ಡೇಟಾಬೇಸಿನಿಂದ ಪ್ರತಿಸಲ ಹೊಸದಾಗಿ ತೆಗೆಯಿರಿ. ತೆಗೆದ ಫೈಲನ್ನು ಕೈಯಿಂದ ತಿದ್ದಬೇಡಿ. ಟಿಎಸ್‌ವಿ ಓದುವಾಗ ಉದ್ಧರಣ ಚಿಹ್ನೆಯ ವಿಶೇಷ ಅರ್ಥವನ್ನು ಆಫ್ ಮಾಡಿ. ಇಲ್ಲದಿದ್ರೆ ವಾಕ್ಯದ ಶುರುವಿನಲ್ಲಿರುವ ಒಂಟಿ ಚಿಹ್ನೆಯೊಂದು ಮುಂದಿನ ಹತ್ತಾರು ಸಾಲುಗಳನ್ನು ನುಂಗಿಬಿಡಬಹುದು.

ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡೋದಂತೂ ಬೇಡವೇ ಬೇಡ. ನಮ್ಮ ಡಾಕ್ಟರುಗಳು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಒಂದೊಂದು ಮಾತ್ರೆ ಅನ್ನೋಕೆ 1-1-1 ಅಂತ ಬರೀತಾರೆ. ಖಾನೆಯಲ್ಲಿ ಅದೊಂದೇ ಇದ್ರೆ ಎಕ್ಸೆಲ್ ಅದನ್ನು 2001ರ ಜನವರಿ 1 ಅಂತ ತಿಳಿದುಕೊಳ್ಳುತ್ತೆ!

ಕಣ್ಣಿಗೆ ಒಂದು, ಕಂಪ್ಯೂಟರಿಗೆ ಎರಡು

ಎರಡನೇ ಪಾಠ ಕನ್ನಡದ್ದೇ. 'ಕೊ' ಅಕ್ಷರ ತಗೊಳ್ಳಿ. ಯೂನಿಕೋಡ್‌ನಲ್ಲಿ ಅದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ಊಕಾರದ ಕೊಂಬು ಎಂಬ ಎರಡು ತುಂಡಾಗಿಯೂ ಇಡಬಹುದು. 'ಕೋ' ಆದರೆ ಮೂರು ತುಂಡೂ ಆಗಬಹುದು. ಓದುವವರಿಗೆ ವ್ಯತ್ಯಾಸ ಕಾಣೋದಿಲ್ಲ, ಕಂಪ್ಯೂಟರಿಗೆ ಮಾತ್ರ ಅವು ಬೇರೆ ಬೇರೆ ಪದ. ಎನ್‌ಎಫ್‌ಸಿ ಎಂಬ ಏಕರೂಪಗೊಳಿಸುವ ಕ್ರಮ ಇದನ್ನು ಸರಿಮಾಡುತ್ತೆ, ಪೈಥಾನ್‌ನಲ್ಲಿ ಒಂದೇ ಸಾಲಿನ ಕೆಲಸ.

ಆದರೆ ಅದೊಂದೇ ಸಾಲದು. 'ಸಾಫ್ಟ್‌ವೇರ್' ಪದದಲ್ಲಿ ಒತ್ತಕ್ಷರ ಆಗದಂತೆ ತಡೆಯೋಕೆ ಕಾಣದ ಒಂದು ಗುರುತು ಹಾಕ್ತೀವಿ. ಕೆಲವರು ಹಾಕ್ತಾರೆ, ಕೆಲವರು ಹಾಕಲ್ಲ. ಅನುಸ್ವಾರದ ಸೊನ್ನೆಯ ಬದಲು ಕನ್ನಡ ಅಂಕಿಯ ಸೊನ್ನೆ ಒತ್ತಿರೋದೂ ಸಿಗುತ್ತೆ, ಎರಡೂ ನೋಡೋಕೆ ಒಂದೇ. ಯೂನಿಕೋಡ್ ಬರುವ ಮುಂಚಿನ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಹಳೇ ಕಡತಗಳು ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಬರ್ತವೆ. ಅವನ್ನು ಮೊದಲು ಪರಿವರ್ತಿಸಬೇಕು.

ನಾವು ಮಾಡ್ತಿದ್ದದ್ದು ಇಷ್ಟು. ಮೂಲ ಪಠ್ಯವನ್ನು ಬಂದ ಹಾಗೇ ಉಳಿಸಿಕೊಳ್ತಿದ್ವಿ. ಹೋಲಿಸಿ ನೋಡೋಕೆ ಮಾತ್ರ ಶುದ್ಧ ಮಾಡಿದ ಇನ್ನೊಂದು ರೂಪವನ್ನು ಪಕ್ಕದ ಕಾಲಂನಲ್ಲಿ ಇಡ್ತಿದ್ವಿ. ಒಂದೇ ಜೋಡಿ ಎರಡು ಸಲ ಬಂದಿದೆಯಾ ಅಂತ ಹುಡುಕೋದು ಆ ಶುದ್ಧ ರೂಪದಲ್ಲಿ.

ಜರಡಿ ಹಿಡಿಯುವಾಗ ಜೋಪಾನ

ಯುರೋಪಿನ ಭಾಷೆಗಳಿಗೆ ಮಾಡಿದ ಜರಡಿಯನ್ನು ಹಾಗೇ ತಂದು ಕನ್ನಡಕ್ಕೆ ಹಿಡಿದ್ರೆ ಒಳ್ಳೇ ಕಾಳೂ ಹೊರಗೆ ಬೀಳುತ್ತೆ. ಎರಡು ಕಡೆ ಪದಗಳ ಸಂಖ್ಯೆ ಹೆಚ್ಚು ಕಡಿಮೆ ಸಮ ಇರಬೇಕು ಅನ್ನೋದು ಸಾಮಾನ್ಯ ನಿಯಮ. ಇಂಗ್ಲಿಷ್‌ನಲ್ಲಿ ನಾಲ್ಕು ಪದ ಬೇಕಾದ ಮಾತಿಗೆ ಕನ್ನಡದಲ್ಲಿ 'ಬರೋದಿಲ್ಲ' ಅನ್ನೋ ಒಂದು ಪದ ಸಾಕು. ಹಾಗಾಗಿ ಪದ ಎಣಿಸೋ ಬದಲು ಅಕ್ಷರ ಎಣಿಸೋದು ಮೇಲು.

'ಇಲ್ಲ' ಅನ್ನೋದು ಕ್ರಿಯಾಪದಕ್ಕೆ ಅಂಟಿಕೊಂಡು ಬರೋದ್ರಿಂದ ನಿಷೇಧ ಎರಡೂ ಕಡೆ ಇದೆಯಾ ಅಂತ ಪ್ರತ್ಯೇಕವಾಗಿ ನೋಡಬೇಕು. ಎರಡು ವಾಕ್ಯಗಳ ಅರ್ಥ ಎಷ್ಟು ಹತ್ತಿರ ಅಂತ ಅಂಕ ಕೊಡುವ ಲಾಬ್ಸೆಯಂಥ ಮಾಡೆಲ್‌ಗಳಿವೆ, ಸಮಾನಂತರ್ ತಯಾರಿಸುವಾಗಲೂ ಅದನ್ನು ಬಳಸಿದ್ದಾರೆ. ಬಹಳ ಉಪಯುಕ್ತ. ಆದರೆ 'ಊಟಕ್ಕೆ ಮುಂಚೆ', 'ಊಟದ ನಂತರ' ಎರಡೂ ಊಟದ ಮಾತೇ ಆದ್ದರಿಂದ ಇಂಥ ತಪ್ಪು ಜೋಡಿಗೂ ಒಳ್ಳೇ ಅಂಕ ಬಂದುಬಿಡಬಹುದು.

ಅಂಕಿಗಳನ್ನೂ ಹೋಲಿಸಿ. ಆದರೆ ಹೊಂದಲಿಲ್ಲ ಅಂತ ಎಸೆಯಬೇಡಿ. ಇಂಗ್ಲಿಷ್‌ನ 1 ಮಿಲಿಯನ್ ಕನ್ನಡದಲ್ಲಿ 10 ಲಕ್ಷ ಆಗಿರೋದು ಸರಿಯೇ. ಅಂಥವನ್ನು ಪ್ರತ್ಯೇಕ ಗುಡ್ಡೆ ಮಾಡಿ ಮನುಷ್ಯರ ಕೈಗೆ ಕೊಡಿ.

ಪ್ರಶ್ನೆಪತ್ರಿಕೆ ಸೋರಿಕೆ

ಕೊನೇ ಪಾಠ ಪರೀಕ್ಷೆಯದ್ದು. ಜೋಡಿಗಳಲ್ಲಿ ಒಂದಿಷ್ಟನ್ನು ಮಾಡೆಲ್‌ಗೆ ತೋರಿಸದೆ ಎತ್ತಿಡ್ತೀವಿ. ತರಬೇತಿ ಮುಗಿದ ಮೇಲೆ ಅವೇ ಪರೀಕ್ಷೆ. ಆ ವಾಕ್ಯಗಳು ತರಬೇತಿಯಲ್ಲೂ ಸೇರಿಕೊಂಡ್ರೆ ಅಂಕ ಚೆನ್ನಾಗಿ ಬರುತ್ತೆ, ಕಲಿತಿರೋದು ಮಾತ್ರ ಬಾಯಿಪಾಠ.

ಪ್ರತಿಸಲ ಮನಸ್ಸಿಗೆ ಬಂದಂತೆ ಕಲಸಿ ಹಂಚಿದ್ರೆ ಮೊನ್ನೆಯ ಪರೀಕ್ಷೆಯ ವಾಕ್ಯ ಇವತ್ತು ತರಬೇತಿಗೆ ಹೋಗಿರುತ್ತೆ. ಇದಕ್ಕೆ ಹ್ಯಾಷ್ ಬಳಸಿ. ಹ್ಯಾಷ್ ಅಂದ್ರೆ ವಾಕ್ಯದ ಬೆರಳಚ್ಚು, ಅದೇ ವಾಕ್ಯಕ್ಕೆ ಯಾವಾಗಲೂ ಅದೇ ಸಂಖ್ಯೆ. ಆ ಸಂಖ್ಯೆಯನ್ನು 100ರಿಂದ ಭಾಗಿಸಿ, ಶೇಷ 0 ಅಥವಾ 1 ಬಂದ್ರೆ ಪರೀಕ್ಷೆಗೆ, ಉಳಿದಿದ್ದು ತರಬೇತಿಗೆ. ನಾಳೆ ಇನ್ನೂ ಲಕ್ಷ ಜೋಡಿ ಸೇರಿದ್ರೂ ಹಳೆಯವು ಜಾಗ ಬದಲಿಸೋದಿಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. ಹ್ಯಾಷನ್ನು ಇಂಗ್ಲಿಷ್ ಕಡೆಯಿಂದ ಮಾತ್ರ ತೆಗೀಬೇಕು. ಒಂದೇ ಇಂಗ್ಲಿಷ್ ವಾಕ್ಯಕ್ಕೆ 'ತೆಗೆದುಕೊಳ್ಳಿ', 'ಸೇವಿಸಿ' ಅಂತ ಎರಡು ಕನ್ನಡ ಇದ್ರೆ ಜೋಡಿಯ ಹ್ಯಾಷ್ ಬೇರೆ ಬೇರೆಯಾಗಿ, ಒಂದು ತರಬೇತಿಗೂ ಇನ್ನೊಂದು ಪರೀಕ್ಷೆಗೂ ಹೋಗಬಹುದು. 'ಎರಡು ಮಾತ್ರೆ', 'ಮೂರು ಮಾತ್ರೆ' ಥರ ಸಂಖ್ಯೆಯಷ್ಟೇ ಬೇರೆಯಾದ ವಾಕ್ಯಗಳಿದ್ರೆ ಸಂಖ್ಯೆಗಳನ್ನು ಮುಚ್ಚಿ ಆಮೇಲೆ ಹ್ಯಾಷ್ ಮಾಡಿ. ಕನ್ನಡವೂ ಇರುವ ಮೆಟಾದ ಫ್ಲೋರೆಸ್‌ನಂಥ ಸಾರ್ವಜನಿಕ ಪರೀಕ್ಷಾ ಸಂಗ್ರಹ ಬಳಸೋದಾದ್ರೆ, ಅದರ ವಾಕ್ಯಗಳು ನಿಮ್ಮ ತರಬೇತಿ ರಾಶಿಯಲ್ಲಿ ನುಸುಳಿವೆಯಾ ಅಂತ ಹುಡುಕಿ ತೆಗೆಯಿರಿ.

ಮೂಲ ಗೊತ್ತಿದ್ರೆ ಮಾತ್ರ ತಿದ್ದಬಹುದು

ನಮ್ಮ ಆ ತಪ್ಪು ಅಚ್ಚಿಗೆ ಹೋಗಲಿಲ್ಲ. ಆದರೆ ಸರಿಮಾಡೋಕೆ ಹಿಡಿದ ದಿನಗಳೇ ನನಗೆ ಹೆಚ್ಚು ನೆನಪಿರೋದು. ಕೆಟ್ಟ ಜೋಡಿಗಳು ಯಾವ ಫೈಲಿನಿಂದ ಬಂದವು ಅಂತ ನಾವು ಬರೆದಿಟ್ಟಿರಲಿಲ್ಲ. ಅವು ಆಗಲೇ ಒಳ್ಳೇ ಜೋಡಿಗಳ ಜೊತೆ ಬೆರೆತು, ಎರಡು ಮಾಡೆಲ್‌ಗಳ ತರಬೇತಿಗೂ ಹೋಗಿದ್ವು. ಸಂಗ್ರಹದಿಂದ ಒಂದು ಸಾಲು ಅಳಿಸಬಹುದು, ಕಲಿತುಬಿಟ್ಟ ಮಾಡೆಲ್‌ನಿಂದ ಅದನ್ನು ಕಿತ್ತು ತೆಗೆಯೋದು ಸುಲಭ ಅಲ್ಲ. ಆರೋಗ್ಯದ ವಿಷಯದ ಅಷ್ಟೂ ಜೋಡಿ ತೆಗೆದು, ಪರಿಶೀಲಕರ ಜೊತೆ ಕೂತು ಮತ್ತೆ ನೋಡಿ, ಎರಡೂ ಮಾಡೆಲ್‌ಗಳಿಗೆ ಮರು ತರಬೇತಿ ಕೊಟ್ಟೆವು.

ಆವತ್ತಿಂದ ಎರಡು ನಿಯಮ ಬಂತು. ಪ್ರತಿ ಮಾಡೆಲ್‌ನ ಜೊತೆ ಅದು ಯಾವ ಡೇಟಾ ಆವೃತ್ತಿಯಿಂದ ಕಲಿತಿದೆ ಅಂತ ದಾಖಲಾಗಬೇಕು. ಹೊಸ ಫೈಲ್ ಸೇರುವ ಮುನ್ನ ಅದರ ಶುರುವಿನಿಂದ, ನಡುವಿನಿಂದ, ಕೊನೆಯಿಂದ ಒಂದಷ್ಟು ಜೋಡಿಗಳನ್ನು ಕನ್ನಡ ಚೆನ್ನಾಗಿ ಬಲ್ಲ ಒಬ್ಬರು ಓದಲೇಬೇಕು. ಸಾಲು ಜಾರಿದ್ರೆ ಕೊನೆಯ ಜೋಡಿಗಳಲ್ಲಿ ಗೊತ್ತಾಗಿಬಿಡುತ್ತೆ. ಹತ್ತು ನಿಮಿಷದ ಕೆಲಸ ಅದು.

ಅಂದು ನಮ್ಮನ್ನು ಉಳಿಸಿದ್ದು ಯಾವ ಜರಡಿಯೂ ಅಲ್ಲ, ಎರಡು ಭಾಷೆಯನ್ನೂ ಅಕ್ಕಪಕ್ಕ ಇಟ್ಟು ನಿಧಾನವಾಗಿ ಓದಿದ ಒಬ್ಬರು. ನೀವು ಇಂಥ ಸೇವೆ ಕಟ್ತಿದ್ರೆ ಅವರ ಸಮಯಕ್ಕೂ ಸಂಬಳಕ್ಕೂ ಬಜೆಟ್‌ನಲ್ಲಿ ಜಾಗ ಇಡಿ.