ಹಳೆ ಕ್ಯಾಮೆರಾಗೆ ಹೊಸ ಬಣ್ಣ: ಎಷ್ಟು ದಿನ ಬಾಳೀತು?

ಅಪ್ಪನ ಕಾಲದ ಕ್ಯಾಮೆರಾವನ್ನು ಬೀರುವಿನಿಂದ ತೆಗೆದು ಫಿಲ್ಮ್ ಹಾಕಿದವರಿಗೆ ಮುಂದಿನ ಆಸೆ ಒಂದೇ: ಬೆಳ್ಳಿಬಣ್ಣದ ಆ ಮೈಗೆ ಕಪ್ಪೋ ಕಡುಹಸಿರೋ ಹೊಡೆಸಿದರೆ ಹೇಗೆ? ಹೊಡೆಸಬಹುದು. ಆದರೆ ಅದು ಎಷ್ಟು ಕಾಲ ನಿಲ್ಲುತ್ತದೆ ಎಂಬುದನ್ನು ಬಣ್ಣಕ್ಕಿಂತ ಅದರ ಕೆಳಗಿನ ಮೈಯೇ ಹೆಚ್ಚು ನಿರ್ಧರಿಸುತ್ತದೆ.

1954ರಲ್ಲಿ ಬಂದ ಜರ್ಮನಿಯ ಲೈಕಾ ಎಂ3ರ ಮೇಲಿನ ಕವಚ ಹಿತ್ತಾಳೆಯದು. ಹೆಚ್ಚಿನವಕ್ಕೆ ಕ್ರೋಮ್ ಲೇಪನ. ಕೆಲವನ್ನು ಮಾತ್ರ ಕಾರ್ಖಾನೆ ಕಪ್ಪು ಬಣ್ಣದಲ್ಲಿ ಕೊಟ್ಟಿತು. ಕ್ರೋಮ್ ಗಟ್ಟಿ, ಬಣ್ಣ ಮೆದು. ಬೆರಳು ತಾಗುವ ಅಂಚು, ಫಿಲ್ಮ್ ಎಳೆಯುವ ಲಿವರ್, ಸ್ಟ್ರ್ಯಾಪ್ ಉಜ್ಜುವ ಜಾಗ ಮೊದಲು ಸವೆದು ಒಳಗಿನ ಹಿತ್ತಾಳೆ ಇಣುಕುತ್ತದೆ. ಇದಕ್ಕೆ 'ಬ್ರಾಸಿಂಗ್' ಎಂದು ಹೆಸರು. ಇದನ್ನೇ ಚೆಂದ ಎನ್ನುವವರು ಎಷ್ಟು ಮಂದಿಯೆಂದರೆ, 2015ರಲ್ಲಿ ಗಾಯಕ ಲೆನ್ನಿ ಕ್ರಾವಿಟ್ಜ್ ವಿನ್ಯಾಸಗೊಳಿಸಿದ ಒಂದು ಮಾದರಿಯನ್ನು ಲೈಕಾ ತಾನೇ ಸವೆಸಿ ಮಾರಿತು.

ಎಲ್ಲ ಕ್ಯಾಮೆರಾಗಳೂ ಹೀಗೆ ಚೆಂದವಾಗಿ ಸವೆಯುವುದಿಲ್ಲ. 1984ರ ಲೈಕಾ ಎಂ6ರ ಕವಚ ಸತುವಿನ ಎರಕ. ಲೇಪನದಡಿ ಲೋಹ ಕೆಟ್ಟು ಗುಳ್ಳೆ ಏಳುವುದುಂಟು. 1976ರ ಕ್ಯಾನನ್ ಎಇ-1 ಲೋಹದಂತೆ ಹೊಳೆದರೂ ಮೇಲಿನ ಕವಚ ಪ್ಲಾಸ್ಟಿಕ್. ಅದನ್ನು ಒಲೆಯಲ್ಲಿ ಕಾಯಿಸಿದರೆ ಸೊಟ್ಟಗಾಗುತ್ತದೆ.

ಬಾಳಿಕೆ ಇರುವುದು ತಯಾರಿಯಲ್ಲಿ. ಕವಚವನ್ನು ಬಿಚ್ಚಿ, ಎಣ್ಣೆ ಜಿಡ್ಡು ತೆಗೆಯಬೇಕು. ನುಣುಪಾದ ಕ್ರೋಮ್ ಮೇಲೆ ಬಣ್ಣ ಹಿಡಿಯದು. ಅದನ್ನು ತೆಗೆಯಬೇಕು, ಇಲ್ಲವೇ ಉಜ್ಜಿ ಒರಟು ಮಾಡಬೇಕು. ಆಮೇಲೆ ಲೋಹಕ್ಕೆ ಕಚ್ಚಿಕೊಳ್ಳುವ ಪ್ರೈಮರ್, ಅದರ ಮೇಲೆ ತೆಳುವಾಗಿ ಹಲವು ಪದರ. ದಪ್ಪಗೆ ಹೊಡೆದರೆ ಕೊರೆದ ಅಕ್ಷರ ಮುಚ್ಚಿಹೋಗುತ್ತದೆ, ಅಂಚಿನಲ್ಲಿ ಚಕ್ಕೆ ಏಳುತ್ತದೆ. ಒಲೆಯಲ್ಲಿ ಕಾಯಿಸಿದ ಎನಾಮಲ್, ಹಾರ್ಡ್‌ನರ್ ಬೆರೆಸುವ ಕಾರಿನ ಬಣ್ಣ ಎರಡೂ ಗಟ್ಟಿ. ಅಂಗಡಿಯ ಸಾಮಾನ್ಯ ಸ್ಪ್ರೇ ಡಬ್ಬಿಯ ಬಣ್ಣ ಒಣಗಿದಂತೆ ಕಂಡರೂ ಉಗುರಿಗೇ ಕಿತ್ತುಬರಬಹುದು.

ಗಟ್ಟಿ ಬಣ್ಣಕ್ಕೂ ಶತ್ರುಗಳಿವೆ. ಮುಂಬೈ, ಚೆನ್ನೈಯ ಬೆವರನ್ನು ಆಗಾಗ ಒರೆಸಿ. ಸ್ಯಾನಿಟೈಸರ್ ಅಥವಾ ಸೊಳ್ಳೆ ಕ್ರೀಮ್ ಹಚ್ಚಿದ ಕೈಯಲ್ಲಿ ಮುಟ್ಟಬೇಡಿ. ಕೆಲವು ಸೊಳ್ಳೆ ಕ್ರೀಮುಗಳಲ್ಲಿರುವ ಡೀಟ್ ಬಣ್ಣವನ್ನೂ ಪ್ಲಾಸ್ಟಿಕ್ಕನ್ನೂ ಕರಗಿಸಬಲ್ಲದು. ಮಳೆಗಾಲದಲ್ಲಿ ಒದ್ದೆ ಚರ್ಮದ ಕೇಸಿನಲ್ಲಿ ಮುಚ್ಚಿಡಬೇಡಿ.

ಒಮ್ಮೆ ತೆಗೆದ ಕ್ರೋಮ್ ಮನೆಯಲ್ಲಿ ಮರಳಿ ಬರುವಂಥದ್ದಲ್ಲ. ಸಂಗ್ರಾಹಕರು ಬೆಲೆ ಕಟ್ಟುವುದು ಕಾರ್ಖಾನೆಯ ಮೂಲ ಬಣ್ಣಕ್ಕೆ; ಮರುಬಣ್ಣ ಕಂಡರೆ ಸಾಮಾನ್ಯವಾಗಿ ಬೆಲೆ ಇಳಿಸುತ್ತಾರೆ. ಹಾಗಾಗಿ ಕ್ರೋಮ್ ನೆಟ್ಟಗಿದ್ದರೆ ಒರೆಸಿ, ಬಳಸಿ. ಅದು ಆಗಲೇ ಕಿತ್ತುಹೋಗಿ, ಕೆಳಗೆ ಹಿತ್ತಾಳೆ ಇದ್ದರೆ ಧೈರ್ಯವಾಗಿ ಹೊಡೆಸಿ. ಹೊಡೆಯುವವರನ್ನು ಬಣ್ಣ ಯಾವುದೆಂದು ಕೇಳುವ ಮೊದಲು, ಕ್ರೋಮನ್ನು ಏನು ಮಾಡುತ್ತೀರಿ ಎಂದು ಕೇಳಿ.