‘ಲೋಮನಾಳ’: ಒಂದು ಪಾರಿಭಾಷಿಕ ಪದದ ತೊಡಕು

ಲ್ಯಾಟಿನ್ನಿನಲ್ಲಿ ‘ಕ್ಯಾಪಿಲಸ್’ ಎಂದರೆ ಕೂದಲು. ಅದರಿಂದ ಬಂದ ‘ಕ್ಯಾಪಿಲರಿ’ಯನ್ನು ಕನ್ನಡದಲ್ಲಿ ‘ಲೋಮನಾಳ’, ‘ಕೇಶನಾಳ’ ಎನ್ನುತ್ತೇವೆ. ಅನುವಾದವೇನೋ ನಿಷ್ಠವಾದುದೇ, ತೊಡಕಿರುವುದು ಬಳಕೆಯಲ್ಲಿ.

ಮಾಲ್ಪೀಗಿ ಕಪ್ಪೆಯ ಶ್ವಾಸಕೋಶದಲ್ಲಿ ಕಂಡು 1661ರಲ್ಲಿ ಪ್ರಕಟಿಸಿದ ಲೋಮನಾಳಗಳು ನಿಜವಾಗಿಯೂ ನಾಳಗಳು. ಮಾನವದೇಹದಲ್ಲಿ ಅವುಗಳ ವ್ಯಾಸ ಸುಮಾರು 5ರಿಂದ 10 ಮೈಕ್ರೋಮೀಟರ್. ಕೂದಲಿಗಿಂತಲೂ ಎಷ್ಟೋ ಕಿರಿದು. ಅವುಗಳಲ್ಲಿ ರಕ್ತವನ್ನು ನಡೆಸುವುದು ಹೃದಯದ ಒತ್ತಡವೇ ಹೊರತು ನಾಳದ ಸೆಳೆತವಲ್ಲ.

ಮಣ್ಣು, ಗೋಡೆಗಳಲ್ಲಾದರೋ ನಾಳವೇ ಇಲ್ಲ. ಇರುವುವು ಕಣಗಳ ನಡುವಣ ಸಂದು, ಇಟ್ಟಿಗೆಯೊಳಗಣ ರಂಧ್ರ. ಅಂಟುಗುಣ ಹಾಗೂ ಮೇಲ್ಮೈ ಸೆಳೆತಗಳಿಂದ ನೀರು ಅಲ್ಲಿ ಗುರುತ್ವಕ್ಕೆ ವಿರುದ್ಧವಾಗಿ ಏರುತ್ತದೆ. ರಂಧ್ರ ಕಿರಿದಾದಷ್ಟೂ ಏರಿಕೆ ಹೆಚ್ಚು. ತುಂಗಭದ್ರಾ ಅಚ್ಚುಕಟ್ಟಿನ ಎರೆಭೂಮಿ ಸವಳಾದುದರಲ್ಲಿ, ಮೇಲೆ ಬಂದ ಅಂತರ್ಜಲ ಹೀಗೆ ಹೊತ್ತುತಂದ ಉಪ್ಪಿನ ಪಾಲಿದೆ. ಪಾಯದ ಮೇಲೆ ತೇವ ತಡೆಯುವ ಪದರವಿಲ್ಲದ ಮನೆಯ ಗೋಡೆಯ ಬುಡದಲ್ಲಿ ಗಾರೆ ಉದುರುವುದೂ ಇದರಿಂದಲೇ. ಎಡೆಕುಂಟೆ ಹೊಡೆದು ಮೇಲ್ಮಣ್ಣನ್ನು ಸಡಿಲಿಸುವ ರೈತನು ಈ ಏರಿಕೆಯನ್ನೇ ಕಡಿಯುತ್ತಾನೆ. ಅವನಿಗೆ ಲೋಮದ ಹಂಗಿಲ್ಲ.

ಎರಡಕ್ಕೂ ‘ಲೋಮನಾಳ’ವನ್ನೇ ಬಳಸಿದರೆ ವಿದ್ಯಾರ್ಥಿಯು ಮಣ್ಣಿನಲ್ಲಿ ನಾಳಗಳನ್ನೂ ದೇಹದಲ್ಲಿ ಸೆಳೆತವನ್ನೂ ಕಲ್ಪಿಸಿಕೊಂಡಾನು. ಆದುದರಿಂದ ಆ ಪದವನ್ನು ದೇಹಕ್ಕೆ ಉಳಿಸಿ, ಮಣ್ಣು-ಗೋಡೆಗಳ ಕ್ರಿಯೆಗೆ ‘ರಂಧ್ರಸೆಳೆತ’ ಎನ್ನಬಹುದು. ಅರಿಸಮಾಸವೆಂದು ಆಕ್ಷೇಪಿಸುವವರಿಗೆ ‘ರಂಧ್ರಾಕರ್ಷಣೆ’ ಇದ್ದೇ ಇದೆ.