ರೈಲು ಬಂದಿತು, ಬಸ್ಸು ಕಾದೀತೆ?

ಬೆಂಗಳೂರಿನಲ್ಲಿ ರಾತ್ರಿ ತಾಳಗುಪ್ಪದ ರೈಲು ಹತ್ತಿದ ಸೊರಬದ ಪ್ರಯಾಣಿಕನು ಬೆಳಗಿನ ಹೊತ್ತಿಗೆ ಸಾಗರದಲ್ಲಿ ಇಳಿಯುತ್ತಾನೆ. ದೂರದ ಹಾದಿಯೆಲ್ಲ ನಿದ್ದೆಯಲ್ಲಿಯೇ ಕಳೆದಿರುತ್ತದೆ; ಕಷ್ಟವೇನಿದ್ದರೂ ಉಳಿದ ಹತ್ತಿರದ ಹಾದಿಯದು. ಕೈಯಲ್ಲಿ ಪೆಟ್ಟಿಗೆ, ಹೆಂಡತಿಯ ಕಂಕುಳಲ್ಲಿ ಮಗು, ನೆತ್ತಿಯ ಮೇಲೆ ಮಲೆನಾಡಿನ ಮಳೆ. ಬಸ್ ನಿಲ್ದಾಣ ಮುಟ್ಟುವಷ್ಟರಲ್ಲಿ ಸೊರಬದ ಬಸ್ಸು ಹೊರಟುಹೋಗಿದ್ದರೆ? ದೇವರು ವರ ಕೊಟ್ಟರೂ ಪೂಜಾರಿ ವರ ಕೊಡನೆಂಬ ಗಾದೆಯ ಅರ್ಥ ಅವನಿಗೆ ಆಗ ಚೆನ್ನಾಗಿ ತಿಳಿಯುತ್ತದೆ.

ಬೀರೂರಿನ ಕಡೆಯಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. 1940ರ ಹೊತ್ತಿಗೆ ಹಳಿಗಳು ಆನಂದಪುರ, ಸಾಗರಗಳನ್ನು ಹಾದು ಜೋಗದ ಸಮೀಪದ ತಾಳಗುಪ್ಪವನ್ನು ಮುಟ್ಟಿದವು. ಶಿಕಾರಿಪುರ ಮತ್ತು ಸೊರಬಗಳು ಮಾತ್ರ ಆ ಹಾದಿಯ ಉತ್ತರಕ್ಕೆ ಉಳಿದುಬಿಟ್ಟವು. ಮೀಟರ್ ಗೇಜ್ ಹೋಗಿ 2011ರಲ್ಲಿ ತಾಳಗುಪ್ಪದವರೆಗೆ ಬ್ರಾಡ್‌ಗೇಜ್ ಬಂದಾಗಲೂ ಈ ಎರಡು ಊರುಗಳ ಪಾಲಿಗೆ ರೈಲು ನೆರೆಯೂರಿನ ಸೊತ್ತಾಗಿಯೇ ಉಳಿಯಿತು.

ಹಾಗೆಂದು ಈ ಸೀಮೆಗೆ ದಾರಿಗಳ ಕೂಟ ಹೊಸದೇನಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯು ಬನವಾಸಿ ನಾಡಿನ ರಾಜಧಾನಿಯಾಗಿ, ವರ್ತಕರ ನಗರವಾಗಿ ಮೆರೆದುದನ್ನು ಅಲ್ಲಿಯ ಶಾಸನಗಳು ಸಾರುತ್ತವೆ. ಇಂದು ಅದರ ನೆರೆಯ ಶಿರಾಳಕೊಪ್ಪದಲ್ಲಿ ಶಿಕಾರಿಪುರ, ಸೊರಬ, ಹಿರೇಕೆರೂರುಗಳ ರಸ್ತೆಗಳು ಕೂಡುತ್ತವೆ. ಒಂದು ಬಸ್ಸಿನಿಂದಿಳಿದು ಇನ್ನೊಂದನ್ನೇರುವುದು ಇಲ್ಲಿಯವರಿಗೆ ನಿತ್ಯದ ಮಾತು.

ಈಗ ಹಳಿಗಳೂ ಈ ಕಡೆಗೆ ಮುಖ ಮಾಡಿವೆ. 2023ರ ಫೆಬ್ರವರಿ 27ರಂದು, ಶಿವಮೊಗ್ಗದ ವಿಮಾನ ನಿಲ್ದಾಣ ಉದ್ಘಾಟನೆಯಾದ ದಿನವೇ, ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ರೈಲುಮಾರ್ಗಕ್ಕೆ ಶಂಕುಸ್ಥಾಪನೆಯಾಯಿತು. ಸುಮಾರು 103 ಕಿಲೋಮೀಟರ್ ಉದ್ದದ, 990 ಕೋಟಿ ರೂಪಾಯಿಗಳ ಅಂದಾಜಿನ ಈ ಮಾರ್ಗವು ಮಲೆನಾಡನ್ನು ರಾಣೆಬೆನ್ನೂರಿನಲ್ಲಿ ಬೆಂಗಳೂರು–ಹುಬ್ಬಳ್ಳಿ ಹಾದಿಗೆ ಜೋಡಿಸಬೇಕಾಗಿದೆ. ಸೊರಬ ಪಟ್ಟಣ ಈ ಹಾದಿಯಲ್ಲಿಯೂ ಇಲ್ಲ. ಆದ್ದರಿಂದ ಅಲ್ಲಿಯವರಿಗೆ ಹೊಸ ರೈಲಿನಿಂದ ಎಷ್ಟು ಪ್ರಯೋಜನವೆಂಬುದನ್ನು ನಿರ್ಧರಿಸುವುದು ಶಿಕಾರಿಪುರದ ನಿಲ್ದಾಣದ ಮುಂದೆ ನಿಲ್ಲುವ ಬಸ್ಸು.

ಇದಕ್ಕೆ ಅರಮನೆಯಂಥ ಕಟ್ಟಡವೇನೂ ಬೇಕಿಲ್ಲ. ರೈಲಿನ ವೇಳೆಯನ್ನು ನೋಡಿ ಬಸ್ಸಿನ ವೇಳೆಯನ್ನು ಗೊತ್ತುಮಾಡಬೇಕು. ರೈಲು ತಡವಾದರೆ ಆ ಸುದ್ದಿ ಬಸ್ಸಿನವರಿಗೆ ಮುಟ್ಟಬೇಕು. ಇಳಿದವರು ನೆನೆಯದೆ ನಡೆಯಲು ಮೇಲೊಂದು ಸೂರು, ರಾತ್ರಿಗೆ ದೀಪ, ಬಸ್ಸುಗಳ ವೇಳೆಯನ್ನು ಕನ್ನಡದಲ್ಲಿ ಬರೆದ ಒಂದು ಹಲಗೆ, ಮುದುಕರು ಕುಳಿತುಕೊಳ್ಳಲು ಒಂದು ಬೆಂಚು ಇದ್ದರಾಯಿತು. ಶಿವಮೊಗ್ಗದ ಆಸ್ಪತ್ರೆಯಿಂದ ಹಿಂದಿರುಗುವ ರೋಗಿಗೆ, ಕಾಲೇಜು ಮುಗಿಸಿ ಊರಿಗೆ ಮರಳುವ ಹುಡುಗಿಗೆ ಕೊನೆಯ ಬಸ್ಸು ತಪ್ಪುವುದೆಂದರೆ ಬರಿಯ ಅರ್ಧ ಗಂಟೆಯ ನಷ್ಟವಲ್ಲ. ಅಂದಿನ ರಾತ್ರಿಯೇ ಪರಸ್ಥಳದಲ್ಲಿ ಕಳೆಯಬೇಕಾಗುತ್ತದೆ.

ಹಳಿಗಳನ್ನು ಹಾಸುವುದಕ್ಕೆ ಕೋಟಿಗಳು ಬೇಕು. ರೈಲು ಬರುವವರೆಗೆ ಬಸ್ಸನ್ನು ಹತ್ತು ನಿಮಿಷ ನಿಲ್ಲಿಸುವುದಕ್ಕೆ ಎರಡು ಇಲಾಖೆಗಳ ಒಂದು ಮಾತು ಸಾಕು. ಸೊರಬದ ಪ್ರಯಾಣಿಕನನ್ನು ಮನೆ ಮುಟ್ಟಿಸುವುದು ಆ ಮಾತೇ.